ಕ್ರೆಡಿಟ್ ಕಾರ್ಡ್ ಪಾವತಿ: ಗುರುತು ಪರಿಶೀಲಿಸುವ ವಿಧಾನಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಕ್ರೆಡಿಟ್ ಕಾರ್ಡಿನ ಮೂಲಕ ಹಣ ಪಡೆಯುವ ವ್ಯಾಪಾರಿಗೆ ಪರಿಶೀಲನೆಯ ಸೌಲಭ್ಯಗಳು ಇಂದು ಹಲವಾರು ಸಿಗುತ್ತವೆ: ಸಿವಿವಿ (ಕಾರ್ಡಿನ ಮೇಲೆ ಅಚ್ಚಾದ ಪುಟ್ಟ ಗುಪ್ತಸಂಖ್ಯೆ), ವಿಳಾಸದ ಹೊಂದಾಣಿಕೆ, ಒಟಿಪಿ, ಬ್ಯಾಂಕಿನ ಆ್ಯಪ್‌ನಲ್ಲಿ ಒಪ್ಪಿಗೆ, ಬೆರಳಚ್ಚು, ವಂಚನೆಯ ಸಾಧ್ಯತೆಯನ್ನು ಅಳೆಯುವ ತಂತ್ರಾಂಶ. ಇವೆಲ್ಲವನ್ನೂ ಮಾರುವವರು ‘ಸುರಕ್ಷಿತ’ ಎಂಬ ಒಂದೇ ಮಾತಿನಿಂದ ಬಣ್ಣಿಸುವುದರಿಂದ, ಇವು ಒಂದೇ ಕೆಲಸವನ್ನು ಮಾಡುವ ಪರ್ಯಾಯಗಳೆಂಬ ಭಾವನೆ ಮೂಡುತ್ತದೆ. ವಾಸ್ತವದಲ್ಲಿ ಇವು ಉತ್ತರಿಸುವ ಪ್ರಶ್ನೆಗಳೇ ಬೇರೆ ಬೇರೆ. ನಮೂದಿಸಿದ ಸಂಖ್ಯೆಗೆ ಚಾಲ್ತಿಯಲ್ಲಿರುವ ಖಾತೆಯೊಂದು ಇದೆಯೇ ಎಂಬುದು ಒಂದು ಪ್ರಶ್ನೆ. ಆ ಕಾರ್ಡು ಹಣ ಕೊಡುತ್ತಿರುವವರ ಬಳಿ ಇದೆಯೇ ಎಂಬುದು ಎರಡನೆಯದು. ಕೊಡುತ್ತಿರುವವರು ಆ ಕಾರ್ಡಿನ ಒಡೆಯರೇ ಎಂಬುದು ಮೂರನೆಯದು. ಒಡೆಯರೇ ಆಗಿದ್ದರೂ, ತಾವು ಎಷ್ಟು ಹಣಕ್ಕೆ, ಯಾರಿಗೆ ಒಪ್ಪಿಗೆ ಕೊಡುತ್ತಿದ್ದೇವೆಂಬುದು ಅವರಿಗೆ ತಿಳಿದಿದೆಯೇ ಎಂಬ ನಾಲ್ಕನೆಯ ಪ್ರಶ್ನೆಯೂ ಇದೆ. ಕಾರ್ಡುದಾರರನ್ನೇ ಮಾತಿನಲ್ಲಿ ನಂಬಿಸಿ ನಡೆಸುವ ವಂಚನೆಗಳು ನುಸುಳುವುದು ಇಲ್ಲಿಂದಲೇ.

ಆದ್ದರಿಂದ ಯಾವುದೇ ವಿಧಾನವನ್ನು ತೂಗುವಾಗ ಅದು ಈ ನಾಲ್ಕರಲ್ಲಿ ಯಾವುದಕ್ಕೆ ಉತ್ತರ ಕೊಡುತ್ತದೆಂದು ಮೊದಲು ನೋಡಬೇಕು. ಆಮೇಲೆ ಕೇಳಬೇಕಾದದ್ದು, ಆ ವಿಧಾನ ನಂಬಿಕೊಂಡಿರುವ ಪುರಾವೆಯು ಒಮ್ಮೆ ಕಳ್ಳರ ಕೈಗೆ ಸಿಕ್ಕಿದ ಮೇಲೂ ಕೆಲಸಕ್ಕೆ ಬರುತ್ತದೆಯೇ ಎಂಬುದನ್ನು. ಬದಲಾಗದ ಪುರಾವೆ ಒಂದು ಸಲ ಸೋರಿದರೆ ಕಾರ್ಡು ರದ್ದಾಗುವವರೆಗೂ ಸೋರಿದಂತೆಯೇ. ಪ್ರತಿ ವಹಿವಾಟಿಗೂ ಹೊಸದಾಗಿ ಹುಟ್ಟುವ ಪುರಾವೆಗೆ ಆ ಕೊರತೆಯಿಲ್ಲ.

ಸಂಖ್ಯೆ, ಸಿವಿವಿ ಮತ್ತು ವಿಳಾಸ

ಕಾರ್ಡಿನ ಸಂಖ್ಯೆಯ ಕೊನೆಯ ಅಂಕಿಯು ಉಳಿದ ಅಂಕಿಗಳಿಂದ ಲೆಕ್ಕಹಾಕಿ ಪಡೆದದ್ದು. ಐಬಿಎಂ ಸಂಸ್ಥೆಯಲ್ಲಿದ್ದ ಹ್ಯಾನ್ಸ್ ಪೀಟರ್ ಲೂನ್ ಅವರು 1954ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದ ಈ ಲೆಕ್ಕದ ಉದ್ದೇಶ ಬೆರಳು ತಪ್ಪಿ ಒತ್ತಿದ ಅಂಕಿಯನ್ನು ಹಿಡಿಯುವುದಷ್ಟೇ ಆಗಿತ್ತು. ಅದನ್ನು ಬಲ್ಲ ಯಾರು ಬೇಕಾದರೂ ಲೆಕ್ಕಕ್ಕೆ ಸರಿಹೊಂದುವ ಸಂಖ್ಯೆಗಳನ್ನು ಸಾವಿರಗಟ್ಟಲೆ ಹುಟ್ಟಿಸಬಹುದಾದ್ದರಿಂದ, ನಮೂನೆಯಲ್ಲಿ ‘ಕಾರ್ಡ್ ಸಂಖ್ಯೆ ಸರಿಯಾಗಿದೆ’ ಎಂಬ ಹಸಿರು ಗುರುತು ಬಿದ್ದಿತೆಂದು ನೆಮ್ಮದಿ ಪಡುವಂತಿಲ್ಲ.

ಸಿವಿವಿ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಸಾಮಾನ್ಯವಾಗಿ ಕಾರ್ಡಿನ ಹಿಂಬದಿಯಲ್ಲಿ ಮೂರು ಅಂಕಿಗಳಾಗಿ, ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡುಗಳಲ್ಲಿ ಮುಂಬದಿಯಲ್ಲಿ ನಾಲ್ಕು ಅಂಕಿಗಳಾಗಿ ಅಚ್ಚಾಗಿರುವ ಇದು ಕಾರ್ಡಿನ ಹಿಂದಿರುವ ಕಪ್ಪು ಕಾಂತಪಟ್ಟಿಯಲ್ಲಾಗಲಿ ಚಿಪ್‌ನಲ್ಲಾಗಲಿ ಇರುವುದಿಲ್ಲ. ಹಣ ಮಂಜೂರಾದ ಬಳಿಕ ವ್ಯಾಪಾರಿಗಳು ಇದನ್ನು ಯಾವ ರೂಪದಲ್ಲಿಯೂ ಉಳಿಸಿಕೊಳ್ಳಬಾರದೆಂದು ಕಾರ್ಡ್ ಉದ್ಯಮದ ಭದ್ರತಾ ಮಾನದಂಡವಾದ ಪಿಸಿಐ ಡಿಎಸ್‌ಎಸ್ ವಿಧಿಸುತ್ತದೆ. ಹೀಗಾಗಿ ಅಂಗಡಿಯೊಂದರ ದತ್ತಸಂಚಯದಿಂದ ಕದ್ದ ಸಂಖ್ಯೆಗಳ ಜೊತೆಗೆ ಸಿವಿವಿ ಸಿಗಬಾರದು. ಆದರೆ ಪಾವತಿ ಪುಟದಲ್ಲಿಯೇ ಕಳ್ಳ ಸ್ಕ್ರಿಪ್ಟ್ ಸೇರಿಸಿ, ಗ್ರಾಹಕರು ಟೈಪ್ ಮಾಡುತ್ತಿದ್ದಂತೆಯೇ ಎಲ್ಲವನ್ನೂ ಹೀರಿಕೊಳ್ಳುವ ದಾಳಿಗಳ ಮುಂದೆ ಈ ತರ್ಕ ನಿಲ್ಲುವುದಿಲ್ಲ. ನಕಲಿ ಪುಟಗಳೂ ಸಿವಿವಿಯನ್ನು ಕೇಳಿಯೇ ಪಡೆಯುತ್ತವೆ. ಕೇಳದೆ ಇರುವುದಕ್ಕಿಂತ ಕೇಳುವುದು ಒಳ್ಳೆಯದು, ಆದರೆ ಕಾರ್ಡು ಎದುರಿನವರ ಕೈಯಲ್ಲಿದೆ ಎಂಬುದಕ್ಕೆ ಅದು ದುರ್ಬಲ ಸುಳಿವು ಮಾತ್ರ.

ವಿಳಾಸದ ಹೊಂದಾಣಿಕೆಯು ಅಮೆರಿಕ, ಕೆನಡಾ, ಬ್ರಿಟನ್‌ಗಳಲ್ಲಿ ಬಳಕೆಯಲ್ಲಿರುವ ಪದ್ಧತಿ. ಗ್ರಾಹಕರು ಕೊಟ್ಟ ವಿಳಾಸದ ಮನೆ ಸಂಖ್ಯೆ ಮತ್ತು ಅಂಚೆ ಸಂಕೇತಗಳನ್ನು ಕಾರ್ಡು ಕೊಟ್ಟ ಬ್ಯಾಂಕಿನ ದಾಖಲೆಯೊಂದಿಗೆ ಹೋಲಿಸುತ್ತಾರೆ. ಮನೆ ಬದಲಿಸಿ ಬ್ಯಾಂಕಿಗೆ ತಿಳಿಸದವರು ಇಲ್ಲಿ ತಪ್ಪಿತಸ್ಥರಂತೆ ಕಾಣುತ್ತಾರೆ. ಇತ್ತ ಕದ್ದ ದಾಖಲೆಯಲ್ಲಿ ವಿಳಾಸವೂ ಸೇರಿದ್ದರೆ ಕಳ್ಳರು ಸಲೀಸಾಗಿ ಪಾರಾಗುತ್ತಾರೆ. ಹೊಂದದ ವಿಳಾಸವೊಂದನ್ನೇ ಕಾರಣವಾಗಿಟ್ಟುಕೊಂಡು ವಹಿವಾಟನ್ನು ತಿರಸ್ಕರಿಸುವುದು ನನ್ನ ಅಭಿಪ್ರಾಯದಲ್ಲಿ ಸರಿಯಲ್ಲ, ಬೇರೆ ಅನುಮಾನಗಳ ಜೊತೆ ಸೇರಿದಾಗ ಮಾತ್ರ ಅದಕ್ಕೆ ತೂಕ ಕೊಡಬೇಕು.

ಕಾರ್ಡು ಎದುರಿಗೇ ಇರುವಾಗ

ಕಾಂತಪಟ್ಟಿಯನ್ನು ಉಜ್ಜುವುದು, ಚಿಪ್ ಇರುವ ಕಾರ್ಡನ್ನು ಯಂತ್ರದೊಳಗೆ ಇಡುವುದು, ತಾಗಿಸುವುದು, ಫೋನನ್ನು ಹಿಡಿಯುವುದು, ಈ ನಾಲ್ಕರ ನಡುವಿನ ಅಂತರ ಅನುಕೂಲಕ್ಕಷ್ಟೇ ಸಂಬಂಧಿಸಿದ್ದೆಂದು ತಿಳಿದವರು ಅನೇಕರಿದ್ದಾರೆ. ಕಾಂತಪಟ್ಟಿಯ ಮಾಹಿತಿ ಸದಾ ಒಂದೇ ಆಗಿರುವುದರಿಂದ, ಅದನ್ನು ಒಮ್ಮೆ ಓದಿದ ಕಳ್ಳಯಂತ್ರವು ಬೇರೊಂದು ಕಾರ್ಡಿನ ಮೇಲೆ ಅದೇ ಮಾಹಿತಿಯನ್ನು ಬರೆಯಬಲ್ಲದು. ಚಿಪ್‌ನ ಒಳಗೆ ಹೊರಗೆ ಬಾರದ ಗುಪ್ತ ಕೀಲಿಯೊಂದಿರುತ್ತದೆ. ಅದು ಮೊತ್ತ, ಯಂತ್ರವು ಕೊಟ್ಟ ಅನಿರೀಕ್ಷಿತ ಸಂಖ್ಯೆ ಹಾಗೂ ತನ್ನದೇ ವಹಿವಾಟಿನ ಎಣಿಕೆಗಳನ್ನು ಬೆರೆಸಿ, ಆ ಒಂದು ವಹಿವಾಟಿಗೆ ಮಾತ್ರ ಸಲ್ಲುವ ಸಂಕೇತವನ್ನು ರಚಿಸುತ್ತದೆ. ಈ ಸಂಕೇತವನ್ನು ಕದ್ದರೂ ಎರಡನೆಯ ಸಲ ಬಳಸಲಾಗದು. ಯುರೋಪೇ, ಮಾಸ್ಟರ್‌ಕಾರ್ಡ್, ವೀಸಾ ಸಂಸ್ಥೆಗಳ ಮೊದಲಕ್ಷರಗಳಿಂದ ಇಎಂವಿ ಎಂಬ ಹೆಸರು ಪಡೆದ ಮಾನದಂಡದ ಜೀವಾಳ ಇದೇ.

ಆದರೂ ಚಿಪ್ ಉತ್ತರಿಸುವುದು ಎರಡನೆಯ ಪ್ರಶ್ನೆಗೆ ಮಾತ್ರ, ಅಂದರೆ ನಿಜವಾದ ಕಾರ್ಡು ಇಲ್ಲಿದೆ ಎಂಬುದಕ್ಕೆ. ಅದನ್ನು ಹಿಡಿದ ಕೈ ಯಾರದೆಂದು ತಿಳಿಯಲು ಪಿನ್ ಬೇಕು. ಹಿಂದೆ ಈ ಕೆಲಸಕ್ಕಿದ್ದ ಸಹಿ ಎಷ್ಟು ನಿರುಪಯುಕ್ತವಾಗಿತ್ತೆಂದರೆ, 2018ರ ಏಪ್ರಿಲ್‌ನಲ್ಲಿ ಅಮೆರಿಕದ ಪ್ರಮುಖ ಕಾರ್ಡ್ ಜಾಲಗಳೇ ಅದರ ಕಡ್ಡಾಯವನ್ನು ಕೈಬಿಟ್ಟವು. ಪಿನ್ ಕೂಡ ದೋಷಮುಕ್ತವಲ್ಲ: ಕಾರ್ಡಿಗೂ ಯಂತ್ರಕ್ಕೂ ನಡುವೆ ಉಪಕರಣವೊಂದನ್ನು ಸೇರಿಸಿ, ಪಿನ್ ಸರಿಯಿತ್ತೆಂದು ಯಂತ್ರಕ್ಕೂ, ಪಿನ್ ಕೇಳಲೇ ಇಲ್ಲವೆಂದು ಕಾರ್ಡಿಗೂ ನಂಬಿಸಬಹುದೆಂದು ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ತೋರಿಸಿಕೊಟ್ಟರು. ‘ಪಿನ್ ಹಾಕಲಾಗಿದೆ, ಆದ್ದರಿಂದ ಗ್ರಾಹಕರದೇ ತಪ್ಪು’ ಎಂಬ ವಾದವನ್ನು ಕಣ್ಣುಮುಚ್ಚಿ ಒಪ್ಪಬಾರದೆಂಬುದಕ್ಕೆ ಆ ಸಂಶೋಧನೆ ಗಟ್ಟಿ ಆಧಾರ ಕೊಟ್ಟಿತು, ಮತ್ತು ಹಣ ಕಳೆದುಕೊಂಡವರ ಪರವಾಗಿ ಈ ಮಾತನ್ನು ಮತ್ತೆ ಮತ್ತೆ ಹೇಳಬೇಕಾಗಿದೆ.

ತಾಗಿಸುವ ಪಾವತಿಯಲ್ಲಿಯೂ ವಹಿವಾಟಿಗೊಂದು ಸಂಕೇತ ಹುಟ್ಟುತ್ತದೆ. ಕೆಲವೇ ಸೆಂಟಿಮೀಟರ್ ದೂರದಿಂದ ಮಾತ್ರ ಓದಬಹುದಾದ ಈ ಸಂಪರ್ಕದಲ್ಲಿ ಕಾರ್ಡಿನ ಮೇಲೆ ಅಚ್ಚಾದ ಸಿವಿವಿ ಹೊರಗೆ ಹೋಗುವುದಿಲ್ಲ. ಅದರ ದೌರ್ಬಲ್ಯವಿರುವುದು ಬೇರೆಡೆ, ಸಣ್ಣ ಮೊತ್ತಗಳಿಗೆ ಪಿನ್ ಕೇಳದಿರುವುದರಲ್ಲಿ. ಕಳೆದುಹೋದ ಕಾರ್ಡನ್ನು ಸಿಕ್ಕವರು ಮಿತಿ ಮುಟ್ಟುವವರೆಗೂ ತಾಗಿಸುತ್ತ ಹೋಗಬಹುದು. ಫೋನಿನ ಪಾವತಿಯು ಈ ಕೊರತೆಯನ್ನು ನೀಗುತ್ತದೆ, ಏಕೆಂದರೆ ಅಲ್ಲಿ ಬೆರಳಚ್ಚಿನಿಂದಲೋ ಮುಖದಿಂದಲೋ ಫೋನಿನ ಬೀಗ ತೆರೆಯದೆ ಸಾಮಾನ್ಯವಾಗಿ ಹಣ ಹೋಗದು. ಜೊತೆಗೆ ಫೋನಿನಲ್ಲಿರುವುದು ಕಾರ್ಡಿನ ಮೂಲ ಸಂಖ್ಯೆಯಲ್ಲ, ಅದಕ್ಕೆ ಬದಲಿಯಾದ ಟೋಕನ್. ನನ್ನ ತೂಕದಲ್ಲಿ ಎದುರಾಎದುರಿನ ಪಾವತಿಗೆ ಇದೇ ಎಲ್ಲಕ್ಕಿಂತ ಗಟ್ಟಿಯಾದ ಆಯ್ಕೆ. ಒಂದು ಎಚ್ಚರಿಕೆಯನ್ನು ಮಾತ್ರ ಸೇರಿಸಬೇಕು: ಕಾರ್ಡನ್ನು ಫೋನಿಗೆ ಸೇರಿಸುವ ಕ್ಷಣದಲ್ಲಿ ಬ್ಯಾಂಕು ಕಳಿಸುವ ಒಟಿಪಿಯನ್ನು ವಂಚಕರು ಕಾರ್ಡುದಾರರಿಂದ ಪಡೆದುಕೊಂಡರೆ, ಆ ಕಾರ್ಡು ವಂಚಕರ ಫೋನಿನೊಳಗೆ ಅವರದೇ ಬೆರಳಚ್ಚಿಗೆ ತೆರೆದುಕೊಳ್ಳುವಂತೆ ನೆಲೆಯೂರುತ್ತದೆ.

ಚಿಪ್ ಓದಲಾಗದಿದ್ದಾಗ ಕಾಂತಪಟ್ಟಿಯನ್ನು ಉಜ್ಜಲು ಅವಕಾಶ ಕೊಡುವ ರೂಢಿಯನ್ನು ವ್ಯಾಪಾರಿಗಳು ಬಿಡುವುದೇ ಒಳ್ಳೆಯದು. ಚಿಪ್ಪನ್ನು ಬೇಕೆಂದೇ ಕೆಡಿಸಿ ತಂದ ನಕಲಿ ಕಾರ್ಡುಗಳಿಗೆ ಬಾಗಿಲು ತೆರೆಯುವುದು ಈ ರಿಯಾಯಿತಿಯೇ.

ಕಾರ್ಡು ಕಾಣದ ವಹಿವಾಟು

ಆನ್‌ಲೈನ್ ಪಾವತಿಯಲ್ಲಿ ಚಿಪ್ ಮಾತನಾಡುವುದಿಲ್ಲ. ಅಲ್ಲಿ ಒಡೆಯರ ಗುರುತನ್ನು ತಿಳಿಯಲು ಕಾರ್ಡು ಕೊಟ್ಟ ಬ್ಯಾಂಕನ್ನೇ ಕೇಳುವ ವ್ಯವಸ್ಥೆ ತ್ರೀ-ಡಿ ಸೆಕ್ಯೂರ್. ವೀಸಾ ಇದನ್ನು 2001ರಲ್ಲಿ ಬಳಕೆಗೆ ತಂದಿತು. ಕಾರ್ಡು ಕೊಟ್ಟ ಬ್ಯಾಂಕು, ವ್ಯಾಪಾರಿಯ ಬ್ಯಾಂಕು ಮತ್ತು ಇವೆರಡನ್ನೂ ಬೆಸೆಯುವ ಜಾಲ ಎಂಬ ಮೂರು ವಲಯಗಳಿಂದ ಆ ಹೆಸರು ಬಂದಿದೆ. ಮೊದಲ ಆವೃತ್ತಿಯಲ್ಲಿ ಗ್ರಾಹಕರು ಬದಲಾಗದ ಗುಪ್ತಪದವೊಂದನ್ನು ಪುಟಿದೇಳುವ ಕಿಟಕಿಯಲ್ಲಿ ಬರೆಯಬೇಕಿತ್ತು. ಎಲ್ಲಿಂದಲೋ ಏಕಾಏಕಿ ತೆರೆದುಕೊಳ್ಳುವ ಆ ಕಿಟಕಿಯು ನಕಲಿ ಪುಟಕ್ಕಿಂತ ಬೇರೆಯಾಗಿ ಕಾಣುತ್ತಿರಲಿಲ್ಲ, ಬಹಳ ಜನ ಅಲ್ಲಿಗೇ ಖರೀದಿ ನಿಲ್ಲಿಸುತ್ತಿದ್ದರು. 2016ರಲ್ಲಿ ಪ್ರಕಟವಾದ ಎರಡನೆಯ ಆವೃತ್ತಿಯ ನಿರ್ದಿಷ್ಟತೆ ಈ ಅನುಭವದಿಂದ ಪಾಠ ಕಲಿತಿದೆ. ಬಳಸುತ್ತಿರುವ ಸಾಧನ, ಹಿಂದಿನ ಖರೀದಿಗಳು, ತಲುಪಿಸಬೇಕಾದ ವಿಳಾಸ ಮುಂತಾದ ವಿವರಗಳನ್ನು ವ್ಯಾಪಾರಿಯು ಬ್ಯಾಂಕಿಗೆ ಕಳಿಸುತ್ತಾನೆ. ಅವು ಸಹಜವಾಗಿ ಕಂಡರೆ ಬ್ಯಾಂಕು ಏನನ್ನೂ ಕೇಳದೆ ಒಪ್ಪುತ್ತದೆ, ಅನುಮಾನ ಬಂದರೆ ಮಾತ್ರ ಸವಾಲು ಒಡ್ಡುತ್ತದೆ.

ಯುರೋಪಿನ ಒಕ್ಕೂಟವು 2019ರ ಸೆಪ್ಟೆಂಬರ್ 14ರಿಂದ ಅನ್ವಯಿಸಿದ ನಿಯಮಗಳ ಪ್ರಕಾರ, ಗ್ರಾಹಕರಿಗೆ ಗೊತ್ತಿರುವುದು, ಅವರ ಬಳಿ ಇರುವುದು, ಅವರ ದೇಹಕ್ಕೆ ಸೇರಿದ್ದು ಎಂಬ ಮೂರು ಬಗೆಗಳಲ್ಲಿ ಎರಡಾದರೂ ಸೇರಿ ಗುರುತನ್ನು ಸಾಬೀತುಪಡಿಸಬೇಕು. ಭಾರತೀಯ ರಿಸರ್ವ್ ಬ್ಯಾಂಕು ಆನ್‌ಲೈನ್ ಕಾರ್ಡ್ ಪಾವತಿಗೆ ಹೆಚ್ಚುವರಿ ದೃಢೀಕರಣವನ್ನು 2009ರಲ್ಲಿಯೇ ಕಡ್ಡಾಯಗೊಳಿಸಿತ್ತು. ಇಂತಹ ಕಡ್ಡಾಯವಿಲ್ಲದ ದೇಶಗಳಲ್ಲಿ ತ್ರೀ-ಡಿ ಸೆಕ್ಯೂರ್ ಬೇಕೋ ಬೇಡವೋ ಎಂಬ ನಿರ್ಧಾರ ವ್ಯಾಪಾರಿಯದೇ. ಆ ನಿರ್ಧಾರದಲ್ಲಿ ಹಣದ ಹೊಣೆಯ ವಿಷಯ ಮುಖ್ಯವಾಗುತ್ತದೆ: ಬ್ಯಾಂಕು ಗುರುತನ್ನು ದೃಢಪಡಿಸಿದ ವಹಿವಾಟು ಮುಂದೆ ವಂಚನೆಯೆಂದು ತಿಳಿದುಬಂದರೆ, ನಷ್ಟವು ಸಾಮಾನ್ಯವಾಗಿ ವ್ಯಾಪಾರಿಯಿಂದ ಕಾರ್ಡು ಕೊಟ್ಟ ಬ್ಯಾಂಕಿಗೆ ವರ್ಗವಾಗುತ್ತದೆ. ‘ನಾನು ಖರೀದಿಸಿಲ್ಲ’ ಎಂಬ ತಕರಾರಿಗೆ ಮಾತ್ರ ಈ ರಕ್ಷಣೆ ಅನ್ವಯಿಸುತ್ತದೆ. ‘ವಸ್ತು ಕೈಸೇರಲಿಲ್ಲ’, ‘ಹೇಳಿದಂತಿರಲಿಲ್ಲ’ ಎಂಬ ತಕರಾರುಗಳ ಚಾರ್ಜ್‌ಬ್ಯಾಕ್, ಅಂದರೆ ಹಣವನ್ನು ಗ್ರಾಹಕರಿಗೆ ಮರಳಿಸಬೇಕಾದ ಹೊರೆ, ಎಂದಿನಂತೆ ವ್ಯಾಪಾರಿಯ ತಲೆಯ ಮೇಲೇ ಬರುತ್ತದೆ.

ಬ್ಯಾಂಕು ಒಡ್ಡುವ ಸವಾಲುಗಳೂ ಸಮಾನವಲ್ಲ. ಎಸ್‌ಎಂಎಸ್ ಮೂಲಕ ಬರುವ ಒಟಿಪಿ ಸರಳವಾದದ್ದು, ಸಾಮಾನ್ಯ ಫೋನಿನಲ್ಲಿಯೂ ಕೆಲಸ ಮಾಡುವಂಥದ್ದು, ಆ ಕಾರಣಕ್ಕೇ ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ವಂಚಕರು ದೂರವಾಣಿ ಸಂಸ್ಥೆಯನ್ನು ನಂಬಿಸಿ ಬೇರೊಬ್ಬರ ಸಂಖ್ಯೆಗೆ ಹೊಸ ಸಿಮ್ ಪಡೆದರೆ ಒಟಿಪಿ ನೇರವಾಗಿ ಅವರಿಗೇ ಹೋಗುತ್ತದೆ. ಅಮೆರಿಕದ ಮಾನದಂಡ ಸಂಸ್ಥೆಯಾದ ಎನ್‌ಐಎಸ್‌ಟಿ 2017ರ ತನ್ನ ಮಾರ್ಗಸೂಚಿಯಲ್ಲಿ ದೂರವಾಣಿ ಜಾಲದ ಮೂಲಕ ಕಳಿಸುವ ಸಂಕೇತಗಳನ್ನು ನಿರ್ಬಂಧಿತ ವರ್ಗಕ್ಕೆ ಸೇರಿಸಿದ್ದು ಇಂತಹ ಅಪಾಯಗಳನ್ನು ಕಂಡೇ. ಇದಕ್ಕಿಂತ ದೊಡ್ಡ ದೌರ್ಬಲ್ಯವೆಂದರೆ ಒಟಿಪಿಯನ್ನು ಬಾಯಿಬಿಟ್ಟು ಹೇಳಬಹುದು. ಆರು ಅಂಕಿಗಳು ಯಾರ ಕಿವಿಗೆ ಬಿದ್ದರೂ, ಯಾವ ನಕಲಿ ಪುಟದಲ್ಲಿ ಬರೆದರೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತವೆ.

ಬ್ಯಾಂಕಿನ ಆ್ಯಪ್‌ನಲ್ಲಿ ಕೊಡುವ ಒಪ್ಪಿಗೆಯು ಈ ಎರಡನೆಯ ದೌರ್ಬಲ್ಯವನ್ನು ಬಹುಮಟ್ಟಿಗೆ ಮುಚ್ಚುತ್ತದೆ, ಏಕೆಂದರೆ ಅಲ್ಲಿ ಹೇಳಲು ಅಂಕಿಗಳೇ ಇಲ್ಲ. ಪರದೆಯ ಮೇಲೆ ಮೊತ್ತವೂ ವ್ಯಾಪಾರಿಯ ಹೆಸರೂ ಕಾಣುವಂತಿದ್ದರೆ ನಾಲ್ಕನೆಯ ಪ್ರಶ್ನೆಗೂ ಉತ್ತರ ಸಿಗುತ್ತದೆ. ಯುರೋಪಿನ ನಿಯಮಗಳು ದೃಢೀಕರಣದ ಸಂಕೇತವನ್ನು ನಿರ್ದಿಷ್ಟ ಮೊತ್ತಕ್ಕೂ ಹಣ ಪಡೆಯುವವರಿಗೂ ಕಟ್ಟಿಹಾಕಬೇಕೆಂದು ಹೇಳಿರುವುದು ಇದಕ್ಕಾಗಿಯೇ. ಬರೀ ‘ಒಪ್ಪಿಗೆಯೇ?’ ಎಂದು ಕೇಳಿ ಸುಮ್ಮನಾಗುವ ಆ್ಯಪ್ ಇದಕ್ಕೆ ಸಮನಲ್ಲ. ಮೇಲಿಂದ ಮೇಲೆ ಕೋರಿಕೆ ಕಳಿಸಿ ಬೇಸತ್ತವರಿಂದ ಒಮ್ಮೆ ಹೌದೆನ್ನಿಸಿಕೊಳ್ಳುವ ತಂತ್ರ ವಂಚಕರಿಗೆ ಗೊತ್ತಿದೆ. ಪಾಸ್‌ಕೀ ಇನ್ನೂ ಮುಂದಿನ ಹಂತದ್ದು. ಸಾಧನದೊಳಗಿನ ಗುಪ್ತ ಕೀಲಿಯು ತಾನು ನೋಂದಾಯಿಸಿಕೊಂಡ ಜಾಲತಾಣದ ವಿಳಾಸಕ್ಕೆ ಮಾತ್ರ ಉತ್ತರಿಸುತ್ತದೆ. ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ನಕಲಿ ತಾಣಕ್ಕೆ ಅದು ಪ್ರತಿಕ್ರಿಯಿಸುವುದೇ ಇಲ್ಲ. ಮನುಷ್ಯರು ಮೋಸಹೋದರೂ ಕೀಲಿ ಮೋಸಹೋಗದಂತಹ ಈ ಗುಣ ಒಟಿಪಿಗೆ ಎಂದಿಗೂ ಬರಲಾರದು. ಆಯ್ಕೆ ಕೈಯಲ್ಲಿದ್ದರೆ ಪಾಸ್‌ಕೀ, ಅದಿಲ್ಲದಿದ್ದರೆ ಮೊತ್ತ ತೋರಿಸುವ ಆ್ಯಪ್, ಅದೂ ಇಲ್ಲದಿದ್ದರೆ ಒಟಿಪಿ ಎಂಬ ಕ್ರಮವನ್ನು ನಾನು ಸೂಚಿಸುತ್ತೇನೆ.

ಅನುಮಾನವನ್ನು ಅಳೆಯುವ ತಂತ್ರಾಂಶ, ಗುರುತಿನ ಚೀಟಿ, ಮನುಷ್ಯರ ಕಣ್ಣು

ವ್ಯಾಪಾರಿಯ ತಾಣವನ್ನು ಬ್ಯಾಂಕುಗಳಿಗೆ ಬೆಸೆಯುವ ಪೇಮೆಂಟ್ ಗೇಟ್‌ವೇಗಳು ಕೊಡುವ ವಂಚನೆ ಪತ್ತೆ ವ್ಯವಸ್ಥೆಗಳು ಯಾರ ಗುರುತನ್ನೂ ಸಾಬೀತುಪಡಿಸುವುದಿಲ್ಲ, ವಹಿವಾಟಿನ ಚಹರೆಯನ್ನು ನೋಡಿ ಅಂದಾಜು ಕಟ್ಟುತ್ತವೆ. ಒಂದೇ ಸಾಧನದಿಂದ ಕೆಲವೇ ನಿಮಿಷಗಳಲ್ಲಿ ಹತ್ತಾರು ಕಾರ್ಡುಗಳ ಪ್ರಯತ್ನ ನಡೆದಿದ್ದರೆ, ಅತಿ ಸಣ್ಣ ಮೊತ್ತಗಳು ಸಾಲುಸಾಲಾಗಿ ಬರುತ್ತಿದ್ದರೆ, ಕದ್ದ ಸಂಖ್ಯೆಗಳಲ್ಲಿ ಯಾವುವು ಚಾಲ್ತಿಯಲ್ಲಿವೆಯೆಂದು ಯಾರೋ ಪರೀಕ್ಷಿಸುತ್ತಿದ್ದಾರೆಂದೇ ತಿಳಿಯಬೇಕು. ದೇಣಿಗೆ ಸಂಗ್ರಹಿಸುವ ಪುಟಗಳು ಇಂತಹ ಪರೀಕ್ಷೆಗೆ ಸುಲಭವಾಗಿ ಒಳಗಾಗುತ್ತವೆ, ಏಕೆಂದರೆ ಅಲ್ಲಿ ಮೊತ್ತವನ್ನು ಕೊಡುವವರೇ ನಿರ್ಧರಿಸಬಹುದು ಮತ್ತು ಯಾವ ವಸ್ತುವನ್ನೂ ಕಳಿಸಬೇಕಿಲ್ಲ. ಪ್ರಯತ್ನಗಳ ವೇಗಕ್ಕೆ ಮಿತಿ ಹಾಕುವುದು ಇದಕ್ಕೆ ಅಗ್ಗದ, ಪರಿಣಾಮಕಾರಿಯಾದ ಉಪಾಯ.

ಈ ತಂತ್ರಾಂಶಗಳ ಬೆಲೆಯನ್ನು ಲೆಕ್ಕಹಾಕುವಾಗ ಹೆಚ್ಚಿನವರು ಮರೆಯುವುದು ತಪ್ಪಾಗಿ ತಿರಸ್ಕೃತರಾದ ಪ್ರಾಮಾಣಿಕ ಗ್ರಾಹಕರನ್ನು. ವಂಚನೆಯ ನಷ್ಟ ಖಾತೆಯಲ್ಲಿ ಕಾಣುತ್ತದೆ, ಸದ್ದಿಲ್ಲದೆ ಬೇರೆ ಅಂಗಡಿಗೆ ಹೊರಟುಹೋದವರ ಲೆಕ್ಕ ಎಲ್ಲಿಯೂ ಕಾಣುವುದಿಲ್ಲ. ಬೇರೆ ದೇಶದಲ್ಲಿರುವ ಮಗಳು ತಾಯಿಗೆ ಉಡುಗೊರೆ ಕಳಿಸುವಾಗ ಕಾರ್ಡಿನ ದೇಶ, ಇಂಟರ್ನೆಟ್ ಸಂಪರ್ಕದ ದೇಶ, ತಲುಪಿಸುವ ವಿಳಾಸ ಮೂರೂ ಹೊಂದದೆ ಹೋಗಬಹುದು. ಆದ್ದರಿಂದ ನೇರವಾಗಿ ತಿರಸ್ಕರಿಸುವ ವ್ಯವಸ್ಥೆಗಿಂತ, ಅನುಮಾನ ಬಂದ ವಹಿವಾಟನ್ನು ತ್ರೀ-ಡಿ ಸೆಕ್ಯೂರ್ ಸವಾಲಿಗೆ ಕಳಿಸುವ ವ್ಯವಸ್ಥೆಯನ್ನು ಆರಿಸಿಕೊಳ್ಳುವುದು ನ್ಯಾಯವೂ ಹೌದು, ಲಾಭದಾಯಕವೂ ಹೌದು.

ಗುರುತಿನ ಚೀಟಿಯ ಮತ್ತು ಕಾರ್ಡಿನ ಚಿತ್ರವನ್ನು ಇಮೇಲ್‌ನಲ್ಲಿ ಕಳಿಸಿರೆಂದು ಕೇಳುವ ಪದ್ಧತಿಯನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಚಿತ್ರವನ್ನು ತಿದ್ದುವುದು ವಂಚಕರಿಗೆ ಸುಲಭ, ಕೊಡುವುದು ಪ್ರಾಮಾಣಿಕರಿಗೆ ಅಪಾಯಕರ, ಇಟ್ಟುಕೊಳ್ಳುವುದು ವ್ಯಾಪಾರಿಗೆ ಹೊರೆ. ಆ ಇಮೇಲ್ ಖಾತೆ ಸೋರಿದರೆ ಕಳ್ಳರಿಗೆ ಸಂಖ್ಯೆಯ ಜೊತೆ ಇಡೀ ಗುರುತೇ ಸಿಗುತ್ತದೆ. ದೊಡ್ಡ ಮೊತ್ತದ ವ್ಯವಹಾರದಲ್ಲಿ ದಾಖಲೆ ನೋಡಲೇಬೇಕಾದರೆ, ಅದನ್ನೇ ವೃತ್ತಿಯಾಗಿ ಮಾಡುವ ಸೇವೆಯ ಮೂಲಕ ನೋಡಿ, ಫಲಿತಾಂಶವನ್ನು ಮಾತ್ರ ಉಳಿಸಿಕೊಳ್ಳಬೇಕು.

ಮನುಷ್ಯರ ಕಣ್ಣಿಗೆ ಇನ್ನೂ ಕೆಲಸವಿದೆ. ಹಣ ಪಾವತಿಯಾದ ಬಳಿಕ ತಲುಪಿಸುವ ವಿಳಾಸವನ್ನು ಬದಲಿಸಲು ಆತುರಪಡಿಸುವುದು, ಹೆಚ್ಚು ಹಣ ಕಟ್ಟಿ ಉಳಿದದ್ದನ್ನು ಬೇರೆ ಖಾತೆಗೆ ಹಿಂತಿರುಗಿಸಲು ಕೇಳುವುದು, ಮರಳಿ ಮಾರಲು ಸುಲಭವಾದ ಒಂದೇ ವಸ್ತುವನ್ನು ಹಲವು ಸಂಖ್ಯೆಯಲ್ಲಿ ಮೊದಲ ಖರೀದಿಯಲ್ಲೇ ಬಯಸುವುದು, ಇವನ್ನು ಅನುಭವಿ ವ್ಯಾಪಾರಿಗಳು ತಂತ್ರಾಂಶಕ್ಕಿಂತ ಬೇಗ ಗುರುತಿಸುತ್ತಾರೆ. ಮರುಪಾವತಿಯನ್ನು ಹಣ ಬಂದ ಕಾರ್ಡಿಗೇ ಮಾಡಬೇಕೆಂಬ ನಿಯಮಕ್ಕೆ ಯಾವ ವಿನಾಯಿತಿಯೂ ಇರಬಾರದು.

ಸಂಖ್ಯೆಯನ್ನು ಉಳಿಸಿಕೊಳ್ಳಬೇಕೇ?

ಇದರ ಉತ್ತರ ಚಿಕ್ಕದು: ಬೇಡ. ಪದೇ ಪದೇ ಖರೀದಿಸುವವರ ಅನುಕೂಲಕ್ಕೆ ಟೋಕನ್ ಸಾಕು. ವೀಸಾ, ಮಾಸ್ಟರ್‌ಕಾರ್ಡ್‌ಗಳಂತಹ ಕಾರ್ಡ್ ಜಾಲದ ಟೋಕನ್ನನ್ನು ನಿರ್ದಿಷ್ಟ ವ್ಯಾಪಾರಿಗೆ ಅಥವಾ ಸಾಧನಕ್ಕೆ ಕಟ್ಟಿಹಾಕಬಹುದಾದ್ದರಿಂದ, ಕದ್ದವರಿಗೆ ಅದರಿಂದ ಬೇರೆಡೆ ಪ್ರಯೋಜನವಿಲ್ಲ. 2013ರಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ ಸುಮಾರು 4 ಕೋಟಿ ಕಾರ್ಡುಗಳ ಮಾಹಿತಿ ಸೋರಿಹೋದದ್ದು ಬಿಲ್ಲಿಂಗ್ ಯಂತ್ರಗಳಿಗೆ ನುಗ್ಗಿದ ಕುತಂತ್ರಾಂಶದಿಂದ. ಮೂಲ ಸಂಖ್ಯೆ ಹಾದುಹೋಗುವ ಪ್ರತಿಯೊಂದು ಯಂತ್ರವೂ ಅಪಾಯದ ತಾಣವೆಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. ಭಾರತದಲ್ಲಿ 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಕಾರ್ಡಿನ ಸಂಖ್ಯೆಯನ್ನು ಉಳಿಸಿಕೊಳ್ಳುವುದಕ್ಕೇ ಅವಕಾಶವಿಲ್ಲ. ನಿಯಮವಿಲ್ಲದ ಕಡೆಗಳಲ್ಲಿಯೂ, ಗೇಟ್‌ವೇಯವರೇ ನಡೆಸುವ ಪಾವತಿ ಪುಟಕ್ಕೆ ಗ್ರಾಹಕರನ್ನು ಕಳಿಸುವುದು ಸಣ್ಣ ವ್ಯಾಪಾರಿಗೆ ಹೆಚ್ಚು ಕ್ಷೇಮ.

ನಿಮ್ಮ ವ್ಯವಹಾರಕ್ಕೆ ಯಾವುದು?

ತಂತ್ರಾಂಶದ ಪರವಾನಗಿ, ಆಟದ ನಾಣ್ಯ, ಉಡುಗೊರೆ ಸಂಕೇತಗಳಂತೆ ಕ್ಷಣದಲ್ಲಿ ತಲುಪುವ ಸರಕನ್ನು ಮಾರುವವರಿಗೆ ತಿರುಗಿ ನೋಡಲು ಸಮಯವೇ ಇರುವುದಿಲ್ಲ. ಅವರು ಹೊಸ ಗ್ರಾಹಕರ ಮೊದಲ ಖರೀದಿಗೆಲ್ಲ ಸವಾಲನ್ನು ಕಡ್ಡಾಯ ಮಾಡಬೇಕು, ಅದರಿಂದ ಕೆಲವರು ಅರ್ಧಕ್ಕೇ ಬಿಟ್ಟುಹೋದರೂ ಚಿಂತೆಯಿಲ್ಲ. ವಸ್ತುವನ್ನು ಪಾರ್ಸೆಲ್ ಮಾಡಿ ಕಳಿಸುವವರಿಗೆ ಒಂದೆರಡು ದಿನದ ಬಿಡುವು ಸಿಗುತ್ತದೆ. ಅವರು ಸಿವಿವಿ ಮತ್ತು ಅನುಮಾನದ ಅಳತೆಯನ್ನು ಮೊದಲ ಜರಡಿಯಾಗಿಟ್ಟುಕೊಂಡು, ಅದರಲ್ಲಿ ಸಿಕ್ಕಿಬಿದ್ದವನ್ನಷ್ಟೇ ಸವಾಲಿಗೂ ಕೈಯಾರೆ ಪರಿಶೀಲನೆಗೂ ಒಡ್ಡಬಹುದು. ತಲುಪಿಸಿದ್ದಕ್ಕೆ ಸಾಕ್ಷಿಯನ್ನು ಅವರು ಜೋಪಾನವಾಗಿಡಬೇಕು, ಏಕೆಂದರೆ ತಾವೇ ಖರೀದಿಸಿ ಆಮೇಲೆ ಇಲ್ಲವೆನ್ನುವವರ ಎದುರು ಗುರುತಿನ ಪರಿಶೀಲನೆಯೊಂದೇ ಸಾಕಾಗುವುದಿಲ್ಲ. ತಿಂಗಳ ಚಂದಾ ಪಡೆಯುವವರು ಮೊದಲ ಪಾವತಿಯಲ್ಲೇ ಬಲವಾದ ದೃಢೀಕರಣ ಮಾಡಿಸಿ, ಮುಂದಿನವನ್ನು ಟೋಕನ್ ಮೂಲಕ ನಡೆಸುವುದು ಸೂಕ್ತ.

ಫೋನಿನಲ್ಲಿ ಕಾರ್ಡಿನ ವಿವರ ಕೇಳಿ ಬರೆದುಕೊಳ್ಳುವುದು ಎಲ್ಲಕ್ಕಿಂತ ದುರ್ಬಲವಾದ ಪದ್ಧತಿ. ಅಲ್ಲಿ ಒಡೆಯರ ಗುರುತಿಗೆ ಯಾವ ಪುರಾವೆಯೂ ಇರುವುದಿಲ್ಲ, ನಷ್ಟದ ಹೊಣೆಯೂ ಸಾಮಾನ್ಯವಾಗಿ ವ್ಯಾಪಾರಿಯದೇ, ಬರೆದುಕೊಂಡ ಕಾಗದವೂ ಒಂದು ಅಪಾಯ. ಮಾತು ಮುಗಿಸಿ ಗ್ರಾಹಕರಿಗೆ ಪಾವತಿಯ ಕೊಂಡಿಯನ್ನು ಕಳಿಸಿದರೆ, ಅದೇ ವಹಿವಾಟು ತ್ರೀ-ಡಿ ಸೆಕ್ಯೂರ್ ರಕ್ಷಣೆಯೊಳಗೆ ಬರುತ್ತದೆ.

ಕಾರ್ಡುದಾರರ ಕೈಯಲ್ಲಿಯೂ ಆಯ್ಕೆಗಳಿವೆ. ಪ್ರತಿ ಅಂಗಡಿಗೊಂದು ಅಥವಾ ಒಂದೇ ಸಲಕ್ಕೆ ಸಲ್ಲುವ ವರ್ಚುವಲ್ ಕಾರ್ಡ್ ಸಂಖ್ಯೆಯನ್ನು ಬ್ಯಾಂಕು ಕೊಡುವುದಾದರೆ, ಅಪರಿಚಿತ ತಾಣಗಳಲ್ಲಿ ಅದಕ್ಕಿಂತ ಉತ್ತಮವಾದದ್ದಿಲ್ಲ. ಅದು ಸಿಗದವರು ಆನ್‌ಲೈನ್ ಮತ್ತು ವಿದೇಶಿ ಬಳಕೆಯನ್ನು ಬೇಕಾದಾಗ ಮಾತ್ರ ತೆರೆದು, ಉಳಿದ ಸಮಯದಲ್ಲಿ ಮುಚ್ಚಿಡಬಹುದು. ವಹಿವಾಟಿನ ಸಂದೇಶಗಳು ವಂಚನೆಯನ್ನು ತಡೆಯುವುದಿಲ್ಲವಾದರೂ ಬೇಗ ತಿಳಿಸುತ್ತವೆ, ಮತ್ತು ಹಲವು ದೇಶಗಳ ನಿಯಮಗಳಲ್ಲಿ ಕಾರ್ಡುದಾರರ ಹೊಣೆ ಎಷ್ಟೆಂಬುದು ಅವರು ಎಷ್ಟು ಬೇಗ ದೂರು ಕೊಟ್ಟರೆಂಬುದನ್ನು ಅವಲಂಬಿಸಿದೆ. ಒಟಿಪಿ ಬಂದಾಗ ಅಂಕಿಗಳಿಗಿಂತ ಮೊದಲು ಸಂದೇಶವನ್ನು ಪೂರ್ತಿ ಓದಿ. ಅದರಲ್ಲಿರುವ ಮೊತ್ತವೋ ವ್ಯಾಪಾರಿಯ ಹೆಸರೋ ನಿಮ್ಮ ಎದುರಿನ ಪರದೆಯಲ್ಲಿರುವುದಕ್ಕೆ ಹೊಂದದಿದ್ದರೆ, ಅಥವಾ ಅದು ಪಾವತಿಯ ಬದಲು ಕಾರ್ಡನ್ನು ಹೊಸ ಫೋನಿಗೆ ಸೇರಿಸುವ ಕುರಿತಾಗಿದ್ದರೆ, ಅಲ್ಲಿಯೇ ನಿಲ್ಲಿಸಿ, ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ಸಂಖ್ಯೆಗೆ ನೀವೇ ಕರೆ ಮಾಡಿ.